ಮೊಟ್ಟೆ ಬಿಟ್ಟೆದ್ದ ಹಕ್ಕಿ

ಹಕ್ಕಿಗಳ ಅಧ್ಯಯನ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಬರುವ ಮೊದಲು ಮಕ್ಕಳ ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅವಳ ಕೆಲಸವಾಗಿತ್ತು. ಕಿರುಚಾಡುವ ಕೂಸಿನ ಕೈಯಲ್ಲಿ ನೂಲಿನೆಳೆಯಂಥ ನರ ಹುಡುಕಿ, ತಾಯಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿ ಮುಗಿಸಿರುತ್ತಿದ್ದಳು. ಆಸ್ಪತ್ರೆ ಊರಿನ ಇನ್ನೊಂದು ತುದಿಗೆ ಹೋಯಿತು. ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮನನ್ನು ಬಿಟ್ಟು ಅಷ್ಟು ದೂರ ಹೋಗಿಬರುವುದು ಆಗದ ಮಾತು. ಬಂದರಿನ ಪಕ್ಕದ ಈ ಕೇಂದ್ರದಲ್ಲಿ ಕೆಲಸ ಖಾಲಿಯಿದೆ ಎಂದು ಕೇಳಿ ಬಂದಳು.

ಕೇಂದ್ರ ನಡೆಸುತ್ತಿದ್ದ ಡಾಕ್ಟರಮ್ಮ ರೋಗಿಗಳ ಡಾಕ್ಟರಲ್ಲ, ಕಡಲಹಕ್ಕಿಗಳನ್ನೇ ಓದಿ ಡಾಕ್ಟರಾದವಳು. ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. "ಹಕ್ಕಿ ಕುಕ್ಕುತ್ತೆ. ಹೆದರಿಕೆ ಇಲ್ವಾ?"

"ಮಕ್ಕಳ ಜೊತೆ ಬರೋ ಅಜ್ಜಿಯರನ್ನೇ ಸುಧಾರಿಸಿದೀನಿ, ಮೇಡಂ. ಹಕ್ಕಿ ಯಾವ ಲೆಕ್ಕ?"

ಡಾಕ್ಟರಮ್ಮ ನಕ್ಕುಬಿಟ್ಟಳು. ಕೆಲಸ ಸಿಕ್ಕಿತು.

ದಂಡೆಯಿಂದ ದೋಣಿಯಲ್ಲಿ ಹೋದರೆ ಒಂದು ಬೋಳು ದ್ವೀಪ. ಅದರ ತುಂಬ ಬಿಳಿ ಮೈ, ಕಪ್ಪು ರೆಕ್ಕೆಯ ದೊಡ್ಡ ಹಕ್ಕಿಗಳು. ವರ್ಷಕ್ಕೊಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಒಂದು ಕಡಲಿಗೆ ಹೋದರೆ ಅದು ಹೊಟ್ಟೆ ತುಂಬಿಸಿಕೊಂಡು ಮರಳುವ ತನಕ ಇನ್ನೊಂದು ಊಟವಿಲ್ಲದೆ, ನೀರಿಲ್ಲದೆ ಕೂತಲ್ಲೇ ಕೂತಿರಬೇಕು. ಮೊದಲು ಮೈಯ ಕೊಬ್ಬು ಕರಗುತ್ತದೆ. ಕೊಬ್ಬು ಮುಗಿಯುತ್ತ ಬಂದ ಮೇಲೆ ದೇಹ ತನ್ನ ಮಾಂಸಕ್ಕೇ ಕೈಹಾಕುತ್ತದೆ. ಆ ಹಂತದಲ್ಲಿ ರಕ್ತದೊಳಗೆ ಒತ್ತಡದ ಹಾರ್ಮೋನು ಏರುತ್ತದಂತೆ. ಸಾಕು, ಏಳು, ಮೊದಲು ನಿನ್ನ ಜೀವ ಉಳಿಸಿಕೋ ಎಂದು ಹಕ್ಕಿಯನ್ನು ಒಳಗಿನಿಂದ ಎಬ್ಬಿಸುವುದು ಅದೇ. ಎಷ್ಟು ಏರಿದರೆ ಹಕ್ಕಿ ಮೊಟ್ಟೆ ಬಿಟ್ಟೇಳುತ್ತದೆ ಎಂಬುದನ್ನು ಡಾಕ್ಟರಮ್ಮ ಕಂಡುಹಿಡಿಯಬೇಕಿತ್ತು. ಅದಕ್ಕೆ ರಕ್ತ ಬೇಕು, ರಕ್ತಕ್ಕೆ ಸೂಜಿಯಕ್ಕ ಬೇಕು.

ಅದರಲ್ಲೊಂದು ಕಟ್ಟಪ್ಪಣೆಯಿತ್ತು. ಹಕ್ಕಿಯನ್ನು ಹಿಡಿದ ಗಳಿಗೆಯಿಂದ ಮೂರು ನಿಮಿಷದೊಳಗೆ ರಕ್ತ ನಳಿಗೆಗೆ ಬಂದಿರಬೇಕು. ತಡವಾದರೆ, ಮನುಷ್ಯರ ಕೈಗೆ ಸಿಕ್ಕ ಭಯಕ್ಕೇ ಆ ಹಾರ್ಮೋನು ಏರಿಬಿಡುತ್ತದೆ. ಆಮೇಲೆ ಹಸಿವಿನದೆಷ್ಟು, ಭಯದ್ದೆಷ್ಟು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ಸೂಜಿಯಕ್ಕನಿಗೆ ಮೂರು ನಿಮಿಷ ಧಾರಾಳವಾಗಿತ್ತು. ಎರಡು ಋತು ಒಂದು ಹಕ್ಕಿಯೂ ತಪ್ಪಿರಲಿಲ್ಲ.

ಮೂರನೆಯ ಋತುವಿನಲ್ಲಿ ಕಡಲು ಬಿಸಿಯಾಯಿತು, ಮೀನು ದೂರ ಸರಿಯಿತು. ಕಡಲಿಗೆ ಹೋದ ಹಕ್ಕಿಗಳು ಹೊತ್ತಿಗೆ ಸರಿಯಾಗಿ ಮರಳಲಿಲ್ಲ. ಗೂಡಿನಲ್ಲಿ ಕೂತವು ಒಣಗತೊಡಗಿದವು. ದ್ವೀಪದ ಗಾಳಿಯ ಮಗ್ಗುಲಲ್ಲಿ, ಒಂದು ಚಪ್ಪಟೆ ಬಂಡೆಯ ಮೇಲೆ ಕೂತಿದ್ದ ಗಂಡಿಗೆ ಅವಳು ಯಜಮಾನ ಎಂದು ಹೆಸರಿಟ್ಟಿದ್ದಳು. ಹತ್ತಿರ ಹೋದರೆ ಬಾಡಿಗೆ ಕೇಳಲು ಬಂದವರನ್ನು ನೋಡಿದ ಹಾಗೆ ನೋಡುತ್ತಿತ್ತು. ಈಗ ಅದರ ಎದೆ ಒಳಗೆ ಹೋಗಿತ್ತು, ಕತ್ತು ಸಣಕಲಾಗಿತ್ತು. ಮೊಟ್ಟೆ ಮಾತ್ರ ಹೊಟ್ಟೆಯಡಿ ಬೆಚ್ಚಗಿತ್ತು. ಹೆಣ್ಣಿನ ಸುಳಿವಿಲ್ಲ.

ಒಂದು ದಿನ ಅವಳು ತಡೆಯಲಾರದೆ ಬಂದರಿನಲ್ಲಿ ನಾಲ್ಕು ಸಣ್ಣ ಮೀನು ಕೊಂಡು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋದಳು. ಯಾರೂ ಇಲ್ಲದಾಗ ಒಂದನ್ನು ಯಜಮಾನನ ಕೊಕ್ಕಿನ ಮುಂದೆ ಹಿಡಿದಳು. ಅದು ಮೀನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವಳ ಹೆಬ್ಬೆರಳನ್ನು ಹಿಡಿದು ತಿರುಚಿತು. ಉಳಿದ ಮೀನುಗಳೂ ಕೈಜಾರಿ ಬಂಡೆಯ ಮೇಲೆ ಬಿದ್ದವು. ವಾಸನೆಗೆ ಕಡಲಕಾಗೆಗಳು ಗದ್ದಲ ಮಾಡುತ್ತ ಬಂದಿಳಿದವು. ಮೊಟ್ಟೆ ಕದಿಯುವುದರಲ್ಲಿ ಅವು ಎತ್ತಿದ ಕೈ. ಗಲಾಟೆ ಕೇಳಿ ಡಾಕ್ಟರಮ್ಮ ಓಡಿ ಬಂದು ಕೈಬೀಸಿ ಅವನ್ನು ಓಡಿಸಿದಳು.

"ಏನ್ ಮಾಡ್ತಿದೀರ ನೀವು? ಇದೇನು ಸಾಕಿದ ಕೋಳಿನಾ?"

"ಕಣ್ಮುಂದೆ ಸಾಯ್ತಾ ಇದೆ, ಮೇಡಂ."

"ಸಾಯಲ್ಲ. ಸಾಯೋಕೆ ಮುಂಚೆ ಎದ್ದು ಹೋಗುತ್ತೆ. ಅದು ಯಾವಾಗ ಅನ್ನೋದನ್ನೇ ನಾವು ನೋಡೋಕೆ ಬಂದಿರೋದು. ನೀವು ತಿನ್ನಿಸಿದ್ರೆ ನಾನೇನು ನೋಡ್ಲಿ?"

ಮಾತು ಸರಿಯಾಗೇ ಇತ್ತು. ಸರಿಯಾಗಿದ್ದುದಕ್ಕೇ ಸೂಜಿಯಕ್ಕನಿಗೆ ಮೈಯೆಲ್ಲ ಉರಿಯಿತು. ಊದಿದ ಹೆಬ್ಬೆರಳು ಹಿಡಿದುಕೊಂಡು ದೋಣಿ ಹತ್ತಿದಳು. "ಮೀನು ಚೆನ್ನಾಗಿತ್ತು ಅಂದ್ನಾ ನಿಮ್ಮ ಯಜಮಾನ, ಅಕ್ಕಾ?" ಎಂದು ದೋಣಿಯವನು ಹಲ್ಲು ಕಿರಿದ. ಅವಳು ಕಡಲಿನ ಕಡೆ ಮುಖ ತಿರುಗಿಸಿದಳು.

ಯಜಮಾನನ ರಕ್ತ ಎರಡನೇ ಸಲ ತೆಗೆಯುವ ದಿನ ಬಂತು. ಬೆಳಿಗ್ಗೆ ಆರಕ್ಕೆ ದೋಣಿ. ಬೆಳಗಿನ ಹೊತ್ತು ಅಮ್ಮನ ಪಕ್ಕ ಒಂದು ವಾರ ಅವಳು, ಒಂದು ವಾರ ತಂಗಿ ಎಂದು ಮಾತಾಗಿತ್ತು. ಆ ವಾರ ತಂಗಿಯದು. ತಂಗಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ರಾತ್ರಿಪಾಳಿ. ಪಾಳಿ ಮುಗಿಸಿ ಐದೂವರೆಗೆಲ್ಲ ಮನೆಯಲ್ಲಿರಬೇಕಿತ್ತು. ಆರಾಯಿತು. ತಂಗಿಯ ಫೋನು ಸಿಗಲಿಲ್ಲ. ಸೂಜಿಯಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೂ ಹಾಸಿಗೆಗೂ ನಡುವೆ ಶತಪಥ ಹಾಕತೊಡಗಿದಳು.

"ಹೋಗೋದಾದ್ರೆ ಹೋಗು, ನನ್ನ ತಲೆ ತಿರುಗ್ತಿದೆ ನಿನ್ನ ನೋಡಿ" ಎಂದಳು ಅಮ್ಮ.

"ನಿನ್ನನ್ನ ಯಾರು ಎತ್ತಿ ಕೂರಿಸ್ತಾರೆ?"

"ಯಾಕೆ, ಆ ನಿನ್ನ ಹಕ್ಕಿ ಬರುತ್ತೇನೋ."

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಆ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು. ಗಾಳಿ ಏಳುವ ಲಕ್ಷಣವಿದೆ, ಹೆಚ್ಚು ಹೊತ್ತು ಕಾಯಲಾಗದು ಎಂದಳು. ತಂಗಿ ಬಂದು ಬಾಗಿಲಲ್ಲಿ ನಿಂತಾಗ ಏಳು ದಾಟಿತ್ತು. ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಬೆಳಗಿನ ಪಾಳಿಯವಳು ಬರಲೇ ಇಲ್ಲ ಕಣಕ್ಕಾ. ಮಗುಗೆ ಜ್ವರವಂತೆ. ಕೌಂಟರ್ ಮುಚ್ಚಿ ಬರೋಕಾಗುತ್ತಾ? ಮುಂದೆ ಅಷ್ಟುದ್ದ ಸಾಲು. ಫೋನೂ ಸತ್ತೋಗಿತ್ತು."

ಬೈಯಲು ಬಾಯಿ ತೆರೆದಿದ್ದವಳಿಗೆ ಬೈಯಲು ಏನೂ ಉಳಿಯಲಿಲ್ಲ. ಜ್ವರ ಬಂದ ಮಗುವನ್ನು ಬೈಯಲೇ? ಸಿಟ್ಟನ್ನು ಹಾಗೇ ನುಂಗಿಕೊಂಡು ಬಂದರಿಗೆ ಓಡಿದಳು.

ದ್ವೀಪ ಮುಟ್ಟುವಾಗ ಗಾಳಿ ಎದ್ದಾಗಿತ್ತು. "ಬೇಗ ಮುಗಿಸಿ, ಆಮೇಲೆ ನನ್ನ ಕೇಳ್ಬೇಡಿ" ಎಂದು ದೋಣಿಯವನು ಕೂಗುತ್ತಲೇ ಇದ್ದ. ಅವಳಿಗಿನ್ನೂ ಉಸಿರು ಸಿಕ್ಕಿರಲಿಲ್ಲ. ಡಾಕ್ಟರಮ್ಮ ಹಿಂದಿನಿಂದ ಹೋಗಿ ಯಜಮಾನನ ಕೊಕ್ಕು ಹಿಡಿದು, ರೆಕ್ಕೆ ಅವುಚಿ, ಅದರ ಒಂದು ಕಾಲನ್ನು ಮುಂದೆ ಚಾಚಿ ಹಿಡಿದಳು. ಸೂಜಿಯಕ್ಕ ಮೊಣಕಾಲೂರಿದಳು. ಊದಿದ ಹೆಬ್ಬೆರಳನ್ನು ಇನ್ನೂ ಮಡಚಲಾಗುತ್ತಿರಲಿಲ್ಲ. ಹಸಿದ ಹಕ್ಕಿಯ ನರ ಬತ್ತಿ ಒಳಗೆ ಸೇರಿಕೊಂಡಿತ್ತು. ಒಮ್ಮೆ ಚುಚ್ಚಿದಳು, ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿದಳು. ಹಕ್ಕಿ ಒದ್ದಾಡಿತು, ಸೂಜಿ ಹೊರಬಂತು. ಮಕ್ಕಳ ಆಸ್ಪತ್ರೆಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಮೂರನೆಯ ಸಲ ರಕ್ತ ನಳಿಗೆಗೆ ಏರುವಾಗ ಡಾಕ್ಟರಮ್ಮ ಗಡಿಯಾರ ನೋಡಿ, "ನಿಲ್ಲಿಸಿ. ಹೊತ್ತು ಮೀರಿತು, ಇದು ಉಪಯೋಗಕ್ಕೆ ಬರಲ್ಲ" ಎಂದಳು.

ಹಕ್ಕಿಯನ್ನು ಗೂಡಿನ ಮೇಲೆ ಬಿಟ್ಟು ಇಬ್ಬರೂ ಹಿಂದೆ ಸರಿದರು. ಯಜಮಾನ ಮೊಟ್ಟೆಯ ಮೇಲೆ ಕೂತಿತು. ಗರಿ ಸರಿಮಾಡಿಕೊಂಡಿತು. ಸೂಜಿಯಕ್ಕ ಉಸಿರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಅದು ಎದ್ದು ನಿಂತಿತು. ಬಂಡೆಯ ಅಂಚಿಗೆ ನಡೆಯಿತು. ಒಮ್ಮೆಯೂ ಹಿಂತಿರುಗದೆ ರೆಕ್ಕೆ ಬಿಚ್ಚಿ ಗಾಳಿಗೆ ಮೈಕೊಟ್ಟು ಹೋಗಿಬಿಟ್ಟಿತು.

"ಬರುತ್ತೆ ಅಲ್ವಾ, ಮೇಡಂ?"

ಡಾಕ್ಟರಮ್ಮ ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದಳು. ದೋಣಿಯವನು ಕೂಗುತ್ತಿದ್ದ. ಹೊರಡಲೇಬೇಕಾಯಿತು.

ಮಾರನೆಯ ದಿನ ಗಾಳಿ ಇಳಿದ ಮೇಲೆ ಹೋದಾಗ ಗೂಡಿನಲ್ಲಿ ಕಡಲಕಾಗೆಗಳು ತಿಂದುಬಿಟ್ಟ ಮೊಟ್ಟೆಯ ಚಿಪ್ಪಷ್ಟೇ ಇತ್ತು. ಪಕ್ಕದಲ್ಲಿ ಹೆಣ್ಣು ಕೂತಿತ್ತು. ಹೊಟ್ಟೆ ತುಂಬಿ ಮೈ ಮಿರಮಿರ ಮಿಂಚುತ್ತಿತ್ತು. ಚಿಪ್ಪನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಳ್ಳುತ್ತಿತ್ತು.

ಸೂಜಿಯಕ್ಕ ಡಾಕ್ಟರಮ್ಮನತ್ತ ತಿರುಗಿದಳು. "ನನ್ನಿಂದ ಎದ್ದು ಹೋಯ್ತಾ, ಇಲ್ಲಾ ಹೇಗೂ ಹೋಗೋದಿತ್ತಾ? ಅದೊಂದು ಹೇಳಿ."

ಡಾಕ್ಟರಮ್ಮ ಯೋಚಿಸಿ ಹೇಳಿದಳು. "ಈ ಮಗ್ಗುಲಲ್ಲಿ ನಾವು ಮುಟ್ಟದೇ ಇರೋ ಗೂಡುಗಳೂ ಖಾಲಿಯಾಗಿವೆ. ಹಸಿವಿಗೇ ಎದ್ದಿರಬಹುದು. ನಾವು ಹಿಡಿದಿದ್ದಕ್ಕೂ ಎದ್ದಿರಬಹುದು. ರಕ್ತ ಹೊತ್ತಿಗೆ ಸಿಕ್ಕಿದ್ರೆ ಸ್ವಲ್ಪ ಗೊತ್ತಾಗ್ತಿತ್ತೇನೋ. ಈಗ ಈ ಒಂದು ಹಕ್ಕಿ ವಿಷಯ ನನಗೂ ಗೊತ್ತಿಲ್ಲ."

"ಒಂದು ಸುಳ್ಳಾದ್ರೂ ಹೇಳ್ಬಾರ್ದಾ ನೀವು?"

"ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅದೂ ಅವಳಿಗೆ ಸಿಟ್ಟೇ ತಂದಿತು.

ಆ ಸಂಜೆ ಮನೆಯಲ್ಲಿ ಅಮ್ಮನ ದಿಂಬಿನ ಚೀಲ ಒದ್ದೆಯಿದೆ ಎಂಬ ನೆಪಕ್ಕೆ ತಂಗಿಯೊಡನೆ ದೊಡ್ಡ ಜಗಳವಾಯಿತು. ಆಡಬಾರದ್ದೆಲ್ಲ ಆಡಿದಳು. ತಂಗಿಯೂ ಬಿಡಲಿಲ್ಲ. "ನಿನಗೊಬ್ಬಳಿಗೇನಾ ಕೆಲಸ? ನಾನೇನು ಕೌಂಟರಲ್ಲಿ ಮಲಗಿ ನಿದ್ದೆ ಮಾಡ್ತೀನಾ?" ಎಂದು ಅತ್ತಳು. "ಇಬ್ರೂ ಹೊರಗೆ ಹೋಗಿ ಕಿತ್ತಾಡಿ, ನನಗೆ ಎದ್ದು ಬಿಡಿಸೋಕಾಗಲ್ಲ" ಎಂದಳು ಅಮ್ಮ. ಆಮೇಲೆ ಅಕ್ಕತಂಗಿಯರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಬೇರೇನೂ ಹೇಳದೆ ಪಕ್ಕದ ಬೀದಿಯ ದಾದಿಯನ್ನು ಕಂಡು, ಬೆಳಗಿನ ಹೊತ್ತು ಬಂದು ಹೋಗುವ ಹಾಗೆ ಗೊತ್ತುಮಾಡಿದರು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಎಂದು ಸೂಜಿಯಕ್ಕನಿಗೆ ತನ್ನ ಮೇಲೇ ಸಿಟ್ಟು.

ಮುಂದಿನ ಋತುವಿಗೆ ಅವಳು ಬರುತ್ತಾಳೋ ಇಲ್ಲವೋ ಎಂದು ಡಾಕ್ಟರಮ್ಮನಿಗೆ ಅನುಮಾನವಿತ್ತು. ಬಂದಳು. ಯಜಮಾನನೂ ಅದೇ ಹೆಣ್ಣಿನೊಡನೆ ಬಂದಿತ್ತು. ಕೇಂದ್ರದವರು ಹಿಂದೆ ತೊಡಿಸಿದ್ದ ಕಾಲಿನ ಬಳೆ ನೋಡಿ ಗುರುತು ಹಿಡಿದರು. ಈ ಸಲ ಬೇರೊಂದು ಬಂಡೆ, ಹೊಸ ಮೊಟ್ಟೆ.

"ಇವನನ್ನ ಮುಟ್ಟದೇ ಇರೋ ಗುಂಪಿಗೆ ಹಾಕ್ಬಿಡಿ, ಮೇಡಂ" ಎಂದು ಕೇಳಿಕೊಂಡಳು.

"ಬೇಕಾದವರನ್ನ ಬೇಕಾದ ಕಡೆ ಹಾಕಿದ್ರೆ ಅದು ಅಧ್ಯಯನ ಆಗಲ್ಲ. ಚೀಟಿ ಎತ್ತೋಣ."

ಚೀಟಿ ರಕ್ತ ತೆಗೆಯುವ ಗುಂಪಿಗೇ ಬಂತು. ಅವಳು ಹಲ್ಲು ಕಚ್ಚಿ ಡಾಕ್ಟರಮ್ಮನನ್ನೂ ಚೀಟಿಯನ್ನೂ ಮನಸ್ಸಿನಲ್ಲೇ ಬೈದಳು.

ಅದರ ರಕ್ತ ತೆಗೆಯುವ ದಿನ ದ್ವೀಪದಲ್ಲಿ ಇಳಿದವಳೇ ಗೂಡಿನ ಹತ್ತಿರ ಹೋಗದೆ ದೂರದ ಕಲ್ಲಿನ ಮೇಲೆ ಕೂತಳು. ಉಸಿರು ನಿಧಾನವಾಗಬೇಕು, ಬೆರಳು ನಿಲ್ಲಬೇಕು, ಅಲ್ಲಿಯವರೆಗೆ ಏಳುವುದಿಲ್ಲ ಎಂದಳು. ದೋಣಿಯವನು ಕೂಗಿದ. ಡಾಕ್ಟರಮ್ಮ ಕೈಗಡಿಯಾರ ನೋಡಿಕೊಳ್ಳುತ್ತ ಅತ್ತಿಂದಿತ್ತ ಓಡಾಡಿದಳು. "ಇನ್ನೂ ಎಷ್ಟು ಗೂಡು ಬಾಕಿ ಇದೆ ಗೊತ್ತಾ?" ಎಂದಳು. ಗೊತ್ತಿತ್ತು. ಕೂತೇ ಇದ್ದಳು. ಮನಸ್ಸಿಗೆ ಬಂದಾಗ ಎದ್ದು ಹೋಗಿ ಡಾಕ್ಟರಮ್ಮ ಹಿಡಿದ ಹಕ್ಕಿಯ ಮುಂದೆ ಮೊಣಕಾಲೂರಿ, ನರ ಮುಟ್ಟಿ ನೋಡಿ, ಒಂದೇ ಸಲಕ್ಕೆ ರಕ್ತ ತೆಗೆದಳು. ಬಿಟ್ಟ ಕೂಡಲೇ ಯಜಮಾನ ಅವಳ ತೋಳು ಕುಕ್ಕಿ ಮೊಟ್ಟೆಯ ಮೇಲೆ ಕೂತುಕೊಂಡಿತು. ಏಳಲಿಲ್ಲ.

ಹೋದ ಸಲದ್ದಕ್ಕೆ ಇದು ಉತ್ತರವಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಸಲ ಮೀನು ಹತ್ತಿರವಿತ್ತು, ಹಕ್ಕಿ ದಪ್ಪಗಿತ್ತು, ಗಾಳಿ ಇರಲಿಲ್ಲ. ನಳಿಗೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಡಾಕ್ಟರಮ್ಮ ಆಗಲೇ ಮುಂದಿನ ಗೂಡಿನ ಬಳಿ ನಿಂತು ಕೈಬೀಸುತ್ತಿದ್ದಳು. "ಬಂದೆ, ಬಂದೆ" ಎಂದು ಗೊಣಗುತ್ತ ತೋಳು ಉಜ್ಜಿಕೊಂಡು ಎದ್ದಳು.