ಹಳೆಯ ಅಕ್ಕಿ

ಅಕ್ಕಪಕ್ಕದ ಮಳಿಗೆಗಳೆಲ್ಲ ಡಾಟ್‌ಕಾಮ್ ಆಫೀಸುಗಳಾಗುತ್ತಿದ್ದ ದಿನಗಳಲ್ಲಿ, ಸ್ಯಾನ್ ಮಟಿಯೋದ ಜಪಾನಿ ಅಂಗಡಿಯ ಯಜಮಾನರು ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಉಸಿರೂದಿ, ಮೂಸಿ ನೋಡುತ್ತಿದ್ದರು. ಜಪಾನಿನಲ್ಲಿ ಅವರ ತಮ್ಮ ಬೆಳೆದ ಅಕ್ಕಿ ಅದು.

"ಹೊಸದು ಮೇಡಂ, ನೀರು ಕಡಿಮೆ ಹಾಕಿ" ಎನ್ನುವರು.

ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ಮಂಡ್ಯದ ನಾನು ಪ್ರತಿ ಸಲವೂ ಹಳೆಯದನ್ನೇ ಕೇಳುತ್ತಿದ್ದೆ.

"ಹಳೇದನ್ನ ಯಾರಾದ್ರೂ ಕೇಳಿ ತಗೋತಾರಾ?" ಎಂದು ನಗುತ್ತಿದ್ದರು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಹೋದಾಗ ಅವರು ನಗಲಿಲ್ಲ.

"ನಮ್ಮೂರಲ್ಲೂ ಈಗ ಬ್ರೆಡ್ಡೇ ಮೇಡಂ, ಅನ್ನ ಯಾರಿಗೂ ಬೇಡ. ತಮ್ಮ ಗದ್ದೆ ಬೀಳು ಬಿಟ್ಟ."

ಮೂಲೆಯಲ್ಲಿದ್ದ ಕೊನೆಯ ಚೀಲವನ್ನು ನನ್ನ ಮುಂದಿಟ್ಟರು.

"ತಗೊಳ್ಳಿ, ಹೋದ ವರ್ಷದ್ದು. ನೀವು ಕೇಳ್ತಿದ್ರಲ್ಲ, ಹಳೇದು."

ನೀರು ಎಷ್ಟು ಹಾಕಬೇಕೆಂದು ಅವರು ಹೇಳಲಿಲ್ಲ.