ಜಿರಳೆಗೆ ಹೆದರುವವಳು ಸ್ಕೋಪು ಆರಿಸಿದ್ದು

ಜಿರಳೆ ಕಂಡರೆ ಕುರ್ಚಿ ಹತ್ತುವವಳು ನಾನು. ಅಂಥವಳು ಈ ಚಳಿಗಾಲ ಕುವೈತಿನ ಮರಳಿನ ಮೇಲೆ ಮಂಡಿಯೂರಿ ಕೂತು, ಹಳೇ ಬೇಟೆಗಾರರೊಬ್ಬರಿಗೆ "ಆ ಸ್ಕೋಪು ಬೇಡ, ಇದನ್ನ ತಗೊಳ್ಳಿ" ಎಂದು ಅಪ್ಪಣೆ ಕೊಟ್ಟೆ. ಅವರು ತಗೊಂಡರು! (ನನ್ನ ಗಂಡ ಇನ್ನೂ ನಂಬಿಲ್ಲ. ಪಕ್ಕದಲ್ಲೇ ನಿಂತಿದ್ದರೂ.)

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ರುಮೈಥಿಯಾದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು. ಇಲ್ಲಿ ಕಣ್ಣಿಗೆ ಟಾರ್ಚು ಬಿಟ್ಟವರೆಲ್ಲ ಡಾಕ್ಟರೇ. ಹಾಗಾಗಿ ನಾನೂ "ದೋಕ್ತೋರಾ". ಅಂಗಡಿ ಮಾಲೀಕ ಫಹದ್ ನನ್ನ ಕಫೀಲ್, ಅಂದರೆ ನಾನು ಇಲ್ಲಿರಲು ಜಾಮೀನು ನಿಂತವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಇಕಾಮಾದ, ಅಂದರೆ ವಾಸದ ಪರವಾನಗಿಯ, ವಿಷಯದಲ್ಲಿ ಮಾತ್ರ ದೊಡ್ಡವನು.

ಒಂದು ಬೆಳಿಗ್ಗೆ ಅವನ ಅಪ್ಪ ಬಂದರು. ಎಲ್ಲರೂ ಅವರನ್ನು ಅಬು ಫಹದ್ ಎಂದೇ ಕರೆಯುವುದು. ಚಿಕ್ಕಂದಿನಲ್ಲಿ ಮುಂಬೈಯಲ್ಲಿ ಬೆಳೆದವರು, ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ. ಕುರ್ಚಿಯಲ್ಲಿ ಕೂತವರೇ, "ಜೋರಾದ ಕನ್ನಡಕ ಕೊಡು. ಸಂಜೆ ಹೊತ್ತು ಜಿಂಕೆ ಕಾಣಬೇಕು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಫಹದ್ ನನ್ನನ್ನು ಹೊರಗೆ ಕರೆದ. ಪ್ರತಿ ವರ್ಷ ಅಪ್ಪ ಮಕ್ಕಳು ಪರವಾನಗಿ ಪಡೆದು ಹೊರದೇಶದ ಗುಡ್ಡಗಾಡಿಗೆ ಬೇಟೆಗೆ ಹೋಗುತ್ತಾರಂತೆ. ಹೋದ ವರ್ಷ ಸಂಜೆ ಮಬ್ಬಿನಲ್ಲಿ ಜಿಂಕೆ ಎದುರಿಗೇ ನಿಂತಿತ್ತು. ಎಲ್ಲರಿಗೂ ಕಂಡಿತು, ಇವರಿಗೆ ಕಾಣಲಿಲ್ಲ. ರೈಫಲನ್ನು ಮಗನ ಕೈಗೆ ಕೊಟ್ಟವರು ವಾಪಸು ಬರುವ ತನಕ ಮತ್ತೆ ಅದನ್ನು ಮುಟ್ಟಲಿಲ್ಲವಂತೆ.

"ದೋಕ್ತೋರಾ, ನೀವೇ ಹೇಳಿಬಿಡಿ. ಕಣ್ಣು ಖಲಾಸ್, ಈ ಸಲ ಬೇಡ ಅಂತ. ನಾನು ಹೇಳಿದರೆ ಕೇಳಲ್ಲ. ಕಾಣದೆ ಗುಂಡು ಹಾರಿಸಿ ಏನಾದರೂ ಆದರೆ?"

ಅವನ ಭಯ ನ್ಯಾಯವಾದದ್ದೇ. ಆದರೆ ಪರೀಕ್ಷೆ ಮಾಡದೆ ತೀರ್ಪು ಕೊಡಲು ನಾನೇನು ಟಿವಿ ಚರ್ಚೆಗೆ ಕೂತಿದ್ದೇನೆಯೇ?

ಅಬು ಫಹದ್ ಅವರ ಕಣ್ಣನ್ನು ಸಾವಕಾಶವಾಗಿ ನೋಡಿದೆ. ಪೊರೆಯ ಆಪರೇಷನ್ ಹಿಂದೆಯೇ ಆಗಿದೆ, ಒಳಗೆಲ್ಲ ಸ್ವಚ್ಛ. ದೀಪ ಆರಿಸಿ ಕತ್ತಲೆಯಲ್ಲಿ ನೋಡಿದರೂ ಆ ವಯಸ್ಸಿಗೆ ಒಳ್ಳೆಯ ಕಣ್ಣೇ. ಹಾಗಾದರೆ ಜಿಂಕೆ ಎಲ್ಲಿ ಹೋಯಿತು?

"ಕತ್ತಲೆ ಹೇಗೆ ಬರುತ್ತೆ, ಬಾಬಾ? ಒಟ್ಟಿಗೇ ಮಂಜಾಗುತ್ತಾ?"

"ಇಲ್ಲ. ಪಕ್ಕದಿಂದ ಬರುತ್ತೆ, ಗ್ರಹಣದ ಹಾಗೆ. ತಲೆ ಸ್ವಲ್ಪ ಅಲುಗಿದರೆ ಆ ಕಡೆಯಿಂದ ಬರುತ್ತೆ." ಆಮೇಲೆ ಹಿಂದಿಯಲ್ಲೇ ಸೇರಿಸಿದರು: "ಆಂಖ್ ಠೀಕ್ ಹೈ, ದೋಕ್ತೋರಾ. ಅಂಧೇರಾ ಖರಾಬ್ ಹೈ."

ಕಣ್ಣು ಸರಿಯಿದೆ, ಕತ್ತಲೆ ಕೆಟ್ಟಿದೆ! ನನಗೆ ಕುಣಿಯುವ ಹಾಗಾಯಿತು. ತಲೆ ಅಲುಗಿದಂತೆ ದಿಕ್ಕು ಬದಲಿಸುವ ಕತ್ತಲೆ ಕಣ್ಣಿನ ಕಾಯಿಲೆಯಲ್ಲ. ಅದು ರೈಫಲಿನ ಮೇಲೆ ಕೂರಿಸುವ ದುರ್ಬೀನಿನ, ಅಂದರೆ ಸ್ಕೋಪೆಂಬ ಕೊಳವೆಯ ಕಿತಾಪತಿ.

"ಸ್ಕೋಪು ತನ್ನಿ" ಎಂದೆ. (ಬಂದೂಕು ಬೇಡ, ಸ್ಕೋಪು ಮಾತ್ರ ಎಂದು ಮೂರು ಭಾಷೆಯಲ್ಲಿ ಒತ್ತಿ ಹೇಳಿದೆ.)

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಯು ಸ್ಕ್ರೀಮ್ ಅಟ್ ಲಿಝರ್ಡ್ಸ್!" ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಬೆಂಕಿ ಪಕ್ಕ ಕೆಲಸ ಮಾಡುವ ನನ್ನ ಗಂಡನಿಗೆ ಮಾತ್ರ ನಗು ಬರಲಿಲ್ಲ. "ಮಾಲೀಕ ಹೇಳ್ದಂಗೆ ಹೂಂ ಅಂದ್ಬಿಡೇ. ಅಪ್ಪ ಅವರ್ದು, ಬೇಟೆ ಅವರ್ದು. ಮಧ್ಯೆ ನಿಂದೇನು?"

ನಂದೇನು? ಸರಿಯಿರುವ ಕಣ್ಣನ್ನು ಕೆಟ್ಟಿದೆ ಎಂದು ಹೇಳಲಾರೆ. ಅಷ್ಟೇ ನಂದು.

ಶುಕ್ರವಾರ ಅವರ ಮರುಭೂಮಿ ಕ್ಯಾಂಪಿಗೆ ನಮ್ಮ ಮನೆಯವರಿಗೆಲ್ಲ ಕರೆ ಬಂತು. ಚಳಿಗಾಲದಲ್ಲಿ ಇಲ್ಲಿಯವರು ಮನೆ ಬಿಟ್ಟು ಡೇರೆ ಹಾಕುತ್ತಾರಲ್ಲ, ಅಲ್ಲಿಗೆ. ಕಂಬಳಿಯ ಮೇಲೆ ಮೂರು ಸ್ಕೋಪು ಮಲಗಿದ್ದವು. ಮೂರೂ ಉಡುಗೊರೆ. ಹೋದ ವರ್ಷದ ಬೇಟೆಗೆ ಮುಂಚೆಯೇ ಹಿರಿಯರಿಗೆ ಕಣ್ಣು ಮಂದವಾಯಿತು ಎಂಬ ಸುದ್ದಿ ದಿವಾನಿಯಾದಲ್ಲಿ, ಅಂದರೆ ಗಂಡಸರ ಸಂಜೆಯ ಬೈಠಕ್ಕಿನಲ್ಲಿ, ಹಬ್ಬಿದ ಮೇಲೆ ಒಬ್ಬರು ತಂದದ್ದಕ್ಕಿಂತ ಇನ್ನೊಬ್ಬರು ದೊಡ್ಡದು ತಂದಿದ್ದಾರೆ. ಫಹದ್ ತಂದದ್ದು ಎಲ್ಲಕ್ಕಿಂತ ದೊಡ್ಡದು, ನಮ್ಮೂರ ಕೊಳಾಯಿ ಪೈಪಿನಷ್ಟು. ಹೋದ ವರ್ಷ ರೈಫಲಿನ ಮೇಲೆ ಕೂತಿದ್ದದ್ದು ಅದೇ. ಇಪ್ಪತ್ತನಾಲ್ಕು ಪಟ್ಟು ಝೂಮ್! ಹಿರಿಯರ ಅಳಿಯ ತಂದ ಚಿಕ್ಕದನ್ನು ನೋಡಿ ಎಲ್ಲರೂ ನಕ್ಕಿದ್ದರಂತೆ.

"ಇವನ್ನು ಎಲ್ಲಿ ನೋಡಿ ಆರಿಸಿದಿರಿ?" ಎಂದು ಕೇಳಿದೆ.

"ದಿವಾನಿಯಾದಲ್ಲೇ. ಎದುರುಮನೆಯ ಬಾಲ್ಕನಿ ಎಷ್ಟು ಕ್ಲಿಯರ್ ಗೊತ್ತಾ?" ಎಂದ ಫಹದ್.

ಮೇಲೆ ಝಗಮಗ ದೀಪಗುಚ್ಛ, ಎದುರಿಗೆ ಲೈಟು ಹಾಕಿದ ಬಾಲ್ಕನಿ. ಅಲ್ಲಿ ಕೂತು ಕತ್ತಲೆಯ ಬೇಟೆಗೆ ಸ್ಕೋಪು! ನಾವು ಏಸಿ ಶೋರೂಮಿನಲ್ಲಿ ನಡೆದು ನೋಡಿ ಮಳೆಗಾಲದ ಚಪ್ಪಲಿ ಕೊಳ್ಳುವುದಿಲ್ಲವೇ? ಹಾಗೆಯೇ.

ಫಹದನ ದೊಡ್ಡ ಸ್ಕೋಪನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಆಕಾಶಕ್ಕೆ ತೋರಿಸಿದೆ. ಕಣ್ಣಿಡುವ ಗಾಜಿನಲ್ಲಿ ಒಂದು ಬೆಳಕಿನ ಚುಕ್ಕೆ ಕಾಣುತ್ತದೆ. ಝೂಮ್ ಇಪ್ಪತ್ತನಾಲ್ಕಕ್ಕಿದ್ದಾಗ ಅದು ಸಾಸಿವೆ ಕಾಳು. ಕಣ್ಣು ಸರಿಯಾಗಿ ಆ ಸಾಸಿವೆಯ ಮೇಲೇ ಕೂರಬೇಕು, ಕೂದಲೆಳೆ ಆಚೀಚೆ ಆದರೆ ಗ್ರಹಣ. ಸಾಲದ್ದಕ್ಕೆ ಇಷ್ಟು ದಪ್ಪ ಕೊಳವೆಯನ್ನು ರೈಫಲಿನ ಮೇಲೆ ಎತ್ತರಕ್ಕೆ ಕೂರಿಸಬೇಕು. ನೋಡುವವರು ಕೆನ್ನೆ ಊರದೆ ಕತ್ತು ನಿಗುರಿಸಬೇಕು. ಎಪ್ಪತ್ತರ ಕತ್ತು ಅಲುಗದೇ ಇರುತ್ತದೆಯೇ?

ಚಿಕ್ಕದನ್ನು ತೆಗೆದುಕೊಂಡು ಝೂಮ್ ಎಂಟಕ್ಕೆ ಇಳಿಸಿದೆ. ಬೆಳಕಿನ ಚುಕ್ಕೆ ತೊಗರಿ ಕಾಳಿನಷ್ಟಾಯಿತು. ಈ ವಯಸ್ಸಿನಲ್ಲಿ ಪಾಪೆ ಕತ್ತಲೆಯಲ್ಲಿ ಅರಳುವುದೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡದರ ಝೂಮ್ ಇಳಿಸಿ ಚುಕ್ಕೆಯನ್ನು ಇದಕ್ಕಿಂತ ಹಿಗ್ಗಿಸಿದರೂ ಲಾಭವಿಲ್ಲ. ಕೊಡದಿಂದ ಸುರಿದರೂ ತಂಬಿಗೆ ತನ್ನ ಬಾಯಿಗೆ ಹಿಡಿಸಿದಷ್ಟನ್ನೇ ತಾನೆ ಕುಡಿಯುವುದು? ಗುರಿಯ ನಡುವೆ ಉರಿಯುವ ಕೆಂಪು ಚುಕ್ಕೆಯನ್ನೂ ತೀರಾ ಸಣ್ಣಗೆ ಮಾಡಿದೆ. ಅದು ಜೋರಾಗಿ ಉರಿದರೆ ಅದರ ಹಿಂದಿನ ಮಬ್ಬು ಜಿಂಕೆ ಮಾಯ.

"ದೋಕ್ತೋರಾ, ನೀವು ಮಾಂಸವನ್ನೇ ತಿನ್ನಲ್ಲ!" ಎಂದ ಫಹದ್.

"ಚಾರ್ಟೂ ತಿನ್ನಲ್ಲ, ಓದಿಸೋದು ಮಾತ್ರ ಗೊತ್ತು" ಎಂದು ಅಂಗಡಿಯಿಂದ ತಂದಿದ್ದ ಕಣ್ಣಿನ ಚಾರ್ಟನ್ನು ಗಂಡನ ಕೈಗಿತ್ತು, ದೂರದ ನೀರಿನ ಟ್ಯಾಂಕರಿಗೆ ನೇತುಹಾಕಲು ಕಳಿಸಿದೆ. ಅದರಲ್ಲಿರುವುದು ಅಕ್ಷರಗಳಲ್ಲ, ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆ ಎಂದು ಹೇಳಿದರೆ ಸಾಕು.

ಸೂರ್ಯ ಮುಳುಗಿದ. ಟ್ಯಾಂಕರು ಬರಿಗಣ್ಣಿಗೆ ಕಪ್ಪು ಮುದ್ದೆಯಾಯಿತು. ಮರಳಿನ ಚೀಲಗಳ ಮೇಲೆ ಎರಡು ಸ್ಕೋಪು ಇಟ್ಟೆವು. ದೊಡ್ಡದಕ್ಕೆ ಫಹದ್, ಚಿಕ್ಕದಕ್ಕೆ ಅವನಪ್ಪ. ಇಲ್ಲಿ ಸೋತರೆ ಆ ಹಿರಿಯರು ಡೇರೆಯಲ್ಲೇ ಉಳಿಯುತ್ತಾರೆ, ಮತ್ತೆ ಯಾವ ವರ್ಷವೂ ಯಾರೂ ಅವರನ್ನು ಕರೆಯುವುದಿಲ್ಲ.

ಅಬು ಫಹದ್ ಬಗ್ಗಿ ಸ್ಕೋಪಿಗೆ ಕಣ್ಣಿಟ್ಟರು. ಆಮೇಲೆ ಮೆಲ್ಲಗೆ ಶುರುಮಾಡಿದರು.

"ಕೆಳಗೆ."

ಚಾರ್ಟಿನ ಪಕ್ಕ ನಿಂತಿದ್ದ ನನ್ನ ಗಂಡ ಫೋನಿನಲ್ಲಿ "ಕರೆಕ್ಟು" ಎಂದರು.

"ಎಡಕ್ಕೆ."

"ಕರೆಕ್ಟು."

"ಮೇಲೆ. ಅದರ ಕೆಳಗಿನ ಸಾಲು... ಬಲಕ್ಕೆ. ಮತ್ತೆ ಬಲಕ್ಕೆ. ದೋಕ್ತೋರಾ, ನಿನ್ನ ಗಂಡ ಹೊಟ್ಟೆ ಕೆರೆದುಕೊಳ್ಳುತ್ತಿದ್ದಾನೆ."

ಡೇರೆಯಲ್ಲಿದ್ದವರೆಲ್ಲ ಹೋ ಎಂದರು. ಹೆಂಗಸರು ಒಳಗಿಂದ ಓಡಿ ಬಂದರು. ನಾನು ಮರಳಿನ ಮೇಲೆ ನಿಜವಾಗಿ ಕುಣಿದೆ. (ವಿಡಿಯೋ ಇದೆ. ಮಗಳು ನಿಮಗೆ ಕಳಿಸಿದರೆ ದಯವಿಟ್ಟು ಅಳಿಸಿ.)

ಇಪ್ಪತ್ತನಾಲ್ಕು ಪಟ್ಟು ಝೂಮಿನ ಫಹದ್ ಆಗ ಏನು ನೋಡುತ್ತಿದ್ದ? ಪಕ್ಕದ ಕ್ಯಾಂಪಿನ ಜನರೇಟರನ್ನು. ಅಷ್ಟು ಸಣ್ಣ ಕಿಂಡಿಯಲ್ಲಿ ಅವನಿಗೆ ಟ್ಯಾಂಕರೇ ಸಿಕ್ಕಿರಲಿಲ್ಲ. ಪಾಪ, ಒಳ್ಳೆಯ ಹುಡುಗ. ಎದ್ದು ಬಂದು ಅಪ್ಪನ ಹಣೆಗೆ ಮುತ್ತಿಟ್ಟು, "ಯಲ್ಲಾ, ಯುಬಾ, ಬ್ಯಾಗು ತುಂಬಿಸಿ" ಎಂದ. ಯಲ್ಲಾ ಎಂದರೆ ನಡೆಯಿರಿ, ಯುಬಾ ಎಂದರೆ ಇಲ್ಲಿ ಅಪ್ಪ.

ಹೊರಡುವ ಮುನ್ನ ಆ ಚಿಕ್ಕ ಸ್ಕೋಪನ್ನು ರೈಫಲಿಗೆ ತಗ್ಗಾಗಿ ಕೂರಿಸಿ, ಶೂಟಿಂಗ್ ರೇಂಜಿನಲ್ಲಿ ಗುರಿ ಹೊಂದಿಸಿಕೊಂಡರಂತೆ. ಮೊನ್ನೆ ಗುಡ್ಡಗಾಡಿನಿಂದ ವಾಯ್ಸ್ ಮೆಸೇಜು ಬಂತು. ಗಾಳಿಯ ಸದ್ದಿನ ನಡುವೆ ಅಬು ಫಹದ್ ಅವರ ಮುಂಬೈ ಹಿಂದಿ. ಮೊದಲ ಸಂಜೆ ಜಿಂಕೆ ಬಂತಂತೆ. ಕಿವಿ ಅಲ್ಲಾಡಿಸಿದ್ದೂ ಕಂಡಿತಂತೆ. ಹಿಂದೆ ಮರಿ ಇದ್ದದ್ದೂ ಕಂಡಿತು, ಅದಕ್ಕೇ ಗುಂಡು ಹಾರಿಸದೆ ಬಿಟ್ಟರಂತೆ. ಜಿಂಕೆ ಇನ್ನೂ ಅಲ್ಲೇ ಇದ್ದಿರಬೇಕು, ಪಕ್ಕದಿಂದ ಫಹದ್ ಪಿಸುಗುಡುವುದೂ ಕೇಳಿಸಿತು: "ಯುಬಾ, ಎಲ್ಲಿದೆ? ನನಗೆ ಕಾಣ್ತಿಲ್ಲ."

ನಿಮ್ಮ ಮನೆಯಲ್ಲೂ ಯಾರಿಗಾದರೂ "ವಯಸ್ಸಾಯಿತು, ಕಾಣಲ್ಲ" ಎಂದು ಷರಾ ಬರೆದು ಕೂರಿಸಿದ್ದೀರಾ? ಅವರ ಕೈಗೆ ಕೊಟ್ಟಿರುವ ಕೊಳವೆಯನ್ನು ಒಮ್ಮೆಯಾದರೂ ನೀವು ನೋಡಿದ್ದೀರಾ?