ಒಬ್ಬಳೇ ಒತ್ತುವ ಸೇಮಿಗೆ ಮಣೆ

ಸತ್ತವರ ಯಂತ್ರಗಳನ್ನು ಹುಡುಕುವುದು ನನ್ನ ಉದ್ಯೋಗ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಪೇಟೆಂಟ್ ವಕೀಲರ ಒಂದು ಆಫೀಸು, ಅಲ್ಲಿ ನಾನು ಗುಮಾಸ್ತೆ. "ಹೊಸ ಯಂತ್ರ ಕಂಡುಹಿಡಿದಿದ್ದೇನೆ, ಅದರ ಹಕ್ಕು ನನ್ನ ಹೆಸರಿಗೆ ಬೇಕು" ಎಂದು ಯಾರಾದರೂ ಬಂದರೆ, ಅವರಿಗಿಂತ ಮೊದಲು ಬೇರೆ ಯಾರೂ ಅದನ್ನು ಮಾಡಿಲ್ಲ ತಾನೇ ಎಂದು ಹಳೆಯ ಪೇಟೆಂಟ್‌ಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜಾಲಾಡಬೇಕು. ಇಪ್ಪತ್ತನೇ ಶತಮಾನ ಶುರುವಾದ ಕಾಲದವು ಸಿಕ್ಕಿದರೆ ನನಗೆ ಮಧ್ಯಾಹ್ನದ ಊಟವೇ ಮರೆತುಹೋಗುತ್ತಿತ್ತು. ಆಗಿನ ಜನರಿಗೆ ಎಂಥ ಹುಚ್ಚು ಅಂತೀರಿ! ಚಹಾ ಕುಡಿಯುವಾಗ ಮೀಸೆ ಒದ್ದೆಯಾಗದ ಕಪ್ಪು, ತೂಗಿದ ಹಾಗೆ ತಾನೇ ಗಾಳಿ ಬೀಸುವ ಕುರ್ಚಿ, ಮಲಗಿದವನನ್ನು ಬೆಳಿಗ್ಗೆ ಎತ್ತಿ ಕೆಳಗೆ ಉರುಳಿಸುವ ಮಂಚ. ಒಂದೊಂದಕ್ಕೂ ಸಣ್ಣ ಸಣ್ಣ ಗೆರೆಯ ಚಿತ್ರ, ಪ್ರತಿ ತಿರುಪಿಗೂ ಒಂದು ಅಕ್ಷರ, ಮೇಲೆ ಮಾಡಿದವನ ಹೆಸರು. ಮನೆಗೆ ಬಂದು ಇದನ್ನೆಲ್ಲ ಹೇಳಿ ನಗುತ್ತಿದ್ದರೆ ಇವರು, "ನಗಬೇಡ ಮಾರಾಯ್ತಿ. ಅವನ ಹೆಸರಾದರೂ ಉಳಿದಿದೆಯಲ್ಲ" ಎನ್ನುತ್ತಿದ್ದರು.

ಇವರು ಎಂದರೆ ನನ್ನ ಗಂಡ. ಇಲ್ಲಿಯ ಒಂದು ಹೋಟೆಲಿನಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಏಸಿ, ಲಿಫ್ಟು, ಲಾಂಡ್ರಿಯ ದೊಡ್ಡ ಇಸ್ತ್ರಿ ಯಂತ್ರ, ಎಲ್ಲ ಇವರ ಕೈಯಲ್ಲೇ ಬದುಕಿದ್ದವು. ಎಲ್ಲದರ ಮೇಲೂ ಯಾರ್ಯಾರದೋ ಕಂಪೆನಿಯ ಹೆಸರು. ಉಡುಪಿ ಕಡೆಯ ಹಳ್ಳಿಯಿಂದ ಐಟಿಐ ಸರ್ಟಿಫಿಕೇಟು ಹಿಡಿದುಕೊಂಡು ಗಲ್ಫಿಗೆ ಬಂದವರು, ಕೂದಲು ಹಣ್ಣಾಗುವವರೆಗೆ ಬೇರೆಯವರ ಯಂತ್ರ ರಿಪೇರಿ ಮಾಡಿಯೇ ಕಳೆದರು. ಮನೆಯಲ್ಲಿ ನಮ್ಮದು ತುಳು. ಬರೆಯುವುದಕ್ಕೆ ನನಗೆ ಕನ್ನಡವೇ ಬರುವುದು.

ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲಾಟಿನಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಸೇಮಿಗೆ. ಘಟ್ಟದ ಮೇಲಿನವರು ಒತ್ತು ಶ್ಯಾವಿಗೆ ಎನ್ನುತ್ತಾರೆ. ಅಕ್ಕಿ ಹಿಟ್ಟಿನ ಉಂಡೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಮೂರು ಕಾಲಿನ ಮಣೆಗೆ ಹಾಕಿ, ಮೇಲಿನ ತಿರುಪು ತಿರುಗಿಸಿದರೆ ಕೆಳಗೆ ಎಳೆ ಇಳಿಯುತ್ತದೆ. ಇದು ಇಬ್ಬರ ಕೆಲಸ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಮಣೆಯ ಕಾಲು ಗಟ್ಟಿ ಹಿಡಿದು, ತಟ್ಟೆಯನ್ನು ತಿರುಗಿಸುತ್ತಾ ಎಳೆ ಹಿಡಿಯಬೇಕು. ಉಂಡೆ ಆರಿತೋ, ಮುಗಿಯಿತು, ಭೀಮ ಬಂದರೂ ತಿರುಪು ಅಲುಗುವುದಿಲ್ಲ. ಇವರು ತಿರುಗಿಸುವುದು, ನಾನು ತಟ್ಟೆ ಹಿಡಿಯುವುದು. "ಬೇಗ ತಟ್ಟೆ ತಿರುಗಿಸು" "ನೀವು ನಿಧಾನ ಒತ್ತಿ" ಎಂದು ಜಗಳ ಮಾಡುತ್ತಲೇ ಪಾತ್ರೆ ತುಂಬುತ್ತಿತ್ತು. ಕಾಯಿಹಾಲು ಹಾಕಿ ತಿನ್ನುವಾಗ ರಾಜಿಯಾಗುತ್ತಿತ್ತು.

ಹೋದ ವರ್ಷ ಇವರ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತು. ಡಾಕ್ಟರು ತಿಂಗಳುಗಳ ಮಾತಾಡಿದರು, ವರ್ಷ ಎಂಬ ಶಬ್ದವನ್ನೇ ಎತ್ತಲಿಲ್ಲ. ನಾನು ರಿಪೋರ್ಟನ್ನು ತಿರುಗಿಸಿ ತಿರುಗಿಸಿ ಓದಿದೆ. ಇವರು ಮಾತ್ರ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ಲಿಫ್ಟಿನಲ್ಲಿ ಇಳಿಯುವಾಗ, "ಇದರ ಬೇರಿಂಗ್ ಹೋಗಿದೆ, ಶಬ್ದ ಕೇಳು" ಎಂದರು. ಅಂಥ ಗಂಡಸು.

ಆಮೇಲಿನ ಭಾನುವಾರ ಇವರ ಕೈಗೆ ಬಲ ಇರಲಿಲ್ಲ. "ನೀನು ತಿರುಗಿಸು, ನಾನು ತಟ್ಟೆ ಹಿಡಿಯುತ್ತೇನೆ" ಎಂದರು. ನನ್ನಿಂದ ಆಗಲಿಲ್ಲ. ನಾನು ಕುಳ್ಳಿ, ಸಾಲದ್ದಕ್ಕೆ ಎಡಚಿ. ತಿರುಪು ಅರ್ಧಕ್ಕೆ ನಿಂತಿತು, ಉಂಡೆ ಒಳಗೇ ಕಲ್ಲಾಯಿತು. ಚಮಚದಿಂದ ಅದನ್ನು ಕೆರೆಯುತ್ತಿದ್ದ ನನ್ನನ್ನು ಇವರು ನೋಡುತ್ತಾ ಕೂತಿದ್ದರು. "ಇನ್ನು ನೀನೊಬ್ಬಳೇ ಇದನ್ನು ಹೇಗೆ ಒತ್ತುತ್ತಿ?" ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. "ತಲೆ ಸಮ ಉಂಟಾ ನಿಮಗೆ? ಸೇಮಿಗೆ ತಿನ್ನದಿದ್ದರೆ ನಾನು ಸಾಯುತ್ತೇನಾ? ಸೂಪರ್‌ಮಾರ್ಕೆಟಿನಲ್ಲಿ ಪ್ಯಾಕೆಟ್ ಸಿಗುತ್ತದೆ!" ಎಂದು ಬೊಬ್ಬೆ ಹಾಕಿದೆ. "ಆ ಪ್ಯಾಕೆಟಿನ ಹಗ್ಗವನ್ನು ನೀನು ತಿಂದ ಹಾಗೆಯೇ" ಎಂದರು, ತಣ್ಣಗೆ.

ಹಾಗೆ ಶುರುವಾಯಿತು. ಮುಸಫಾದ ವರ್ಕ್‌ಶಾಪಿನಲ್ಲಿ ಇವರಿಗೆ ಪರಿಚಯದ ಒಬ್ಬ ಪಠಾಣ ಇದ್ದ, ಲೇತ್ ಕೆಲಸದವ. ಸುಸ್ತು ಕಡಿಮೆ ಇದ್ದ ದಿನ ಟ್ಯಾಕ್ಸಿ ಹಿಡಿದು ಅಲ್ಲಿಗೆ ಹೋಗುತ್ತಿದ್ದರು, ಇಲ್ಲದ ದಿನ ಬಾಲ್ಕನಿಯಲ್ಲಿ ಅರ ಹಿಡಿದು ಉಜ್ಜುತ್ತಿದ್ದರು. ವಿಶ್ರಾಂತಿ ಮಾಡಿ ಎಂದು ನಾನು ಬೆನ್ನು ಬಿಡದೆ ಪಿರಿಪಿರಿ ಮಾಡಿದೆ. ಕೇಳಬೇಕಲ್ಲ! ಕೊನೆಗೆ ನಿಂತದ್ದು ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡು. ಕೆಳಗೆ ಹೊಲಿಗೆ ಮೆಷಿನಿಗಿರುವ ಹಾಗೆ ಪೆಡಲು. ತುಳಿದರೆ ಒತ್ತುವ ಕಂಬ ಒಂದೊಂದೇ ಹಲ್ಲು ಕೆಳಗಿಳಿಯುತ್ತದೆ, ಹಿಂದಕ್ಕೆ ಜಾರದ ಹಾಗೆ ಒಂದು ಕೊಕ್ಕೆ ಅದನ್ನು ಹಿಡಿದುಕೊಳ್ಳುತ್ತದೆ. ತುಳಿದಷ್ಟು ಸಲ ಕೆಳಗಿನ ತಟ್ಟೆಯೂ ತಾನೇ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಒತ್ತಿ ಮುಗಿದ ಮೇಲೆ ಕೊಕ್ಕೆ ಬಿಡಿಸುವುದು ಬಿಟ್ಟರೆ ಕೈಗೆ ಕೆಲಸವೇ ಇಲ್ಲ.

ಮೊದಲ ಎಳೆ ಇಳಿದಾಗ ಇವರ ಮುಖ ನೋಡಬೇಕಿತ್ತು. ಮಗಳು ಹುಟ್ಟಿದ ದಿನವೂ ಅಷ್ಟು ಹಲ್ಲು ಕಂಡಿರಲಿಲ್ಲ. ಆ ಮಗಳು ಈಗ ದುಬೈಯಲ್ಲಿ ಕೆಲಸದಲ್ಲಿದ್ದಾಳೆ, ಬರ್ ದುಬೈಯಲ್ಲಿ ರೂಮು ಮಾಡಿಕೊಂಡು. ವಿಡಿಯೋ ಕಾಲಿನಲ್ಲಿ ನೋಡಿ, "ಪಪ್ಪಾ, ದಿಸ್ ಈಸ್ ಜೀನಿಯಸ್!" ಎಂದಳು. ಆಗ ಇವರು ನನ್ನ ಕಡೆ ತಿರುಗಿ, ಸ್ವಲ್ಪ ನಾಚಿಕೊಂಡೇ ಕೇಳಿದರು: "ನಿಮ್ಮ ಆಫೀಸಿನಲ್ಲಿ ಇದಕ್ಕೆ ಆಗುತ್ತದಾ? ಒಂದಾದರೂ ನನ್ನ ಹೆಸರಲ್ಲಿ ಇರಲಿ ಅಂತ."

ಮದುವೆಯಾದಂದಿನಿಂದ ಇವರು ತಮಗೆಂದು ಏನನ್ನೂ ಕೇಳಿದವರಲ್ಲ. ಹೇಗಾದರೂ ಮಾಡಿ ಇದೊಂದನ್ನು, ಇವರು ಇರುವಾಗಲೇ, ಇವರ ಕೈಗೆ ಕೊಡಬೇಕು ಎಂದು ಅವತ್ತೇ ನಾನು ಹಟ ಹಿಡಿದೆ.

ಆಫೀಸಿನಲ್ಲಿ ಕೂತು ಹುಡುಕಿದೆ. ಸೇಮಿಗೆ, ಶ್ಯಾವಿಗೆ, ಇಡಿಯಪ್ಪಂ, ಅಕ್ಕಿ ನೂಡಲ್ಸು, ಏನೆಲ್ಲ ಹೆಸರುಂಟೋ ಎಲ್ಲ ಹಾಕಿ ನೋಡಿದೆ. ತಿರುಪಿನ ಮಣೆಗಳು ಸಿಕ್ಕಿದವು, ಕರೆಂಟಿನವು ಸಿಕ್ಕಿದವು, ಕಾಲಿನಲ್ಲಿ ತುಳಿಯುವಂಥದ್ದು ಒಂದೂ ಇಲ್ಲ. ನಮ್ಮ ಸೇಮಿಗೆಯ ಕಷ್ಟ ನಮ್ಮವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ನನಗೂ ಖುಷಿ. "ಇಲ್ಲ, ಯಾರೂ ಮಾಡಿಲ್ಲ!" ಎಂದು ಫೋನಿನಲ್ಲೇ ಹೇಳಿಬಿಟ್ಟೆ.

ಅಷ್ಟು ಸಾಕಾಯಿತು. ಇವರು ಊರಿಗೆ ಫೋನ್ ಮಾಡಿ ತಮ್ಮ ಅಕ್ಕನಿಗೆ ಹೇಳಿದರು. ಅಕ್ಕ ಹೇಳಿದ ಮೇಲೆ ಊರಿಗೆಲ್ಲ ಗೊತ್ತಾಯಿತು, ಊರಿನಿಂದ ವಾಟ್ಸಾಪಿನಲ್ಲಿ ತಿರುಗಿ ಅಬುಧಾಬಿಗೇ ಬಂತು. ನಮ್ಮ ಕರಾವಳಿಯವರ ಸಂಘಕ್ಕೆ ಸನ್ಮಾನ ಮಾಡಲು ಕಾರಣ ಸಿಕ್ಕಿದರೆ ಕೇಳಬೇಕಾ? ಅರ್ಜಿ ಇನ್ನೂ ಟೈಪೂ ಆಗಿಲ್ಲ, ಅಷ್ಟರಲ್ಲಿ ಹಾಲ್ ಬುಕ್ಕಾಯಿತು. ಇವರನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕ ಇವರನ್ನು ವಿಜ್ಞಾನಿ ಎಂದು ಕರೆದ. ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿಯುತ್ತಿತ್ತು, ಇವರು ಅಷ್ಟು ಸೊರಗಿದ್ದರು. ವೇದಿಕೆಯ ಮೇಲೆಯೇ ಯಂತ್ರ ಇಟ್ಟು ನನ್ನ ಕೈಯಲ್ಲಿ, ಅಲ್ಲ, ಕಾಲಲ್ಲಿ ಸೇಮಿಗೆ ಒತ್ತಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಮಾರನೆಯ ದಿನ ಆಫೀಸಿನಲ್ಲಿ ನಮ್ಮ ಮೇಡಂಗೆ, ಅಂದರೆ ಈಜಿಪ್ಟಿನ ವಕೀಲೆಗೆ, ವಿಡಿಯೋ ತೋರಿಸಿದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. "ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸುವವರು ಉಂಟಾ? ತೋರಿಸಿ ತಡ ಮಾಡಿದರೆ, ಇದು ಹೊಸತಲ್ಲ ಎಂದು ತಳ್ಳಿಹಾಕುತ್ತಾರೆ. ಇಷ್ಟು ವರ್ಷ ಇಲ್ಲಿ ಎಂಥ ಕೆಲಸ ಮಾಡಿದೆ ನೀನು? ಯಲ್ಲಾ, ನಡಿ, ಇನ್ನು ತಡ ಮಾಡಬೇಡ, ಈ ವಾರವೇ ಹಾಕೋಣ. ಅದಕ್ಕಿಂತ ಮೊದಲು ಇನ್ನೊಮ್ಮೆ ಹುಡುಕು. ತಿಂಡಿಯ ಹೆಸರಲ್ಲಿ ಅಲ್ಲ, ಯಂತ್ರ ಮಾಡುವ ಕೆಲಸದ ಹೆಸರಲ್ಲಿ. ಮೆತ್ತಗಿನದನ್ನು ತೂತಿನಲ್ಲಿ ಒತ್ತುವಂಥದ್ದು ಏನೇ ಇರಲಿ, ನೋಡು."

ಬೇರೆಯವರ ಯಂತ್ರವಾಗಿದ್ದರೆ ಈ ಮಾತು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯ ಯಂತ್ರ, ತಲೆಯಲ್ಲಿ ಸೇಮಿಗೆಯೇ ತುಂಬಿತ್ತು. ಸಾಬೂನು ನೋಡಿದೆ, ಮೇಣ ನೋಡಿದೆ, ಜೇಡಿಮಣ್ಣಿಗೆ ಬಂದೆ. ಕುಂಬಾರರು ಪಾತ್ರೆಗೆ ಹಿಡಿಕೆ ಮಾಡಲು ಮಣ್ಣಿನ ಎಳೆ ಒತ್ತುವ ಯಂತ್ರಗಳು, ಎಲ್ಲ ಇಪ್ಪತ್ತನೇ ಶತಮಾನದ ಆರಂಭದವು. ಅದರಲ್ಲಿ ಒಂದು ಪುಟ ತೆರೆದೆ.

ನಮ್ಮ ಬಾಲ್ಕನಿಯ ಯಂತ್ರ ಅಲ್ಲಿತ್ತು. ಅದೇ ಪೆಡಲು, ಅದೇ ಹಲ್ಲು, ಅದೇ ಕೊಕ್ಕೆ, ತಾನೇ ತಿರುಗುವ ತಟ್ಟೆ. ಯಾವ ದೇಶದವನೋ, ಸತ್ತು ಎಷ್ಟು ಕಾಲವಾಯಿತೋ. ಕೆಳಗೆ ವಿವರಣೆಯಲ್ಲಿ ಬರೆದಿದ್ದ: ಈ ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು, ಒಬ್ಬರು ಒತ್ತಲು, ಒಬ್ಬರು ಹಿಡಿಯಲು, ಇನ್ನೊಬ್ಬರ ನೆರವಿಲ್ಲದೆ ಒಬ್ಬರೇ ಎರಡನ್ನೂ ಮಾಡುವಂತಾಗುವುದೇ ನನ್ನ ಯಂತ್ರದ ಉದ್ದೇಶ. ಸಾಕ್ಷಿಯಾಗಿ ಸಹಿ ಮಾಡಿದವರಲ್ಲಿ ಒಬ್ಬಳು ಹೆಂಗಸು, ಅವನದೇ ಮನೆತನದ ಹೆಸರು. ಹೆಂಡತಿ ಇರಬೇಕು.

ನಾನು ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಬೈದೆ. ನಿನಗೆ ಬೇರೆ ಕೆಲಸ ಇರಲಿಲ್ಲವಾ? ನೂರು ವರ್ಷದ ಹಿಂದೆ ಕೂತು ಇದನ್ನೇ ಮಾಡಬೇಕಿತ್ತಾ? ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೇಡಂ ಬಾಗಿಲು ತಟ್ಟಿ, ಕರೆದುಕೊಂಡು ಬಂದು ಕೂರಿಸಿದರು. "ಹಳೆಯದಕ್ಕಿಂತ ನಿನ್ನ ಗಂಡನದರಲ್ಲಿ ಹೊಸತು ಏನಾದರೂ ಒಂದು ಇದ್ದರೆ ಸಾಕು, ಹಬೀಬ್ತಿ, ನನ್ನ ಬಂಗಾರ. ಅಷ್ಟಕ್ಕೇ ಅರ್ಜಿ ಹಾಕುತ್ತೇನೆ. ಆ ಕಾಲದಲ್ಲೂ ಎಷ್ಟೋ ಜನ ಇನ್ನೊಬ್ಬರದನ್ನು ಸ್ವಲ್ಪ ಸುಧಾರಿಸಿಯೇ ಪೇಟೆಂಟ್ ತಗೊಂಡದ್ದು. ಮನೆಗೆ ಹೋಗಿ ಕೇಳು" ಎಂದರು.

ಮನೆಗೆ ಬಂದೆ. ಮುಖ ನೋಡಿಯೇ ಇವರಿಗೆ ಗೊತ್ತಾಯಿತು. "ಯಾರೋ ಮಾಡಿದ್ದಾರೆ ಅಲ್ಲವಾ?" ಎಂದರು. ಪ್ರಿಂಟು ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೆರಳಿನಿಂದ ಹಲ್ಲುಗಳ ಮೇಲೆ ಗೆರೆ ಎಳೆದರು. "ಬುದ್ಧಿವಂತ ಮಾರಾಯ್ತಿ ಇವ. ಕೊಕ್ಕೆಗೆ ಸ್ಪ್ರಿಂಗ್ ಎಲ್ಲಿ ಇಡುವುದು ಅಂತ ನಾನು ಎಷ್ಟು ತಲೆ ಕೆಡಿಸಿಕೊಂಡೆ, ಇವನೂ ಅಲ್ಲೇ ಇಟ್ಟಿದ್ದಾನೆ" ಎಂದರು.

"ನಿಮ್ಮದರಲ್ಲಿ ಇರುವಂಥದ್ದು, ಇವನದರಲ್ಲಿ ಇಲ್ಲದ್ದು, ಒಂದು ಹೇಳಿ. ಒಂದೇ ಒಂದು. ಅಷ್ಟು ಸಾಕಂತೆ" ಎಂದೆ. ನನ್ನ ಸ್ವರ ನನಗೇ ಬೇಡಿದ ಹಾಗೆ ಕೇಳಿತು.

ಇವರು ಯೋಚಿಸಿದರು. "ಇವನ ಕೊಕ್ಕೆ ಬಿಡಿಸುವ ಹಿಡಿ ಬಲಗೈಗೆ. ನನ್ನದು ಎಡಗೈಗೆ, ನೀನು ಎಡಚಿ ಅಲ್ಲವಾ. ಇವನ ಪೆಡಲು ಎತ್ತರ. ನಿನಗೆ ಬಲಮೊಣಕಾಲು ಎತ್ತಲು ನೋವು, ಅದಕ್ಕೆ ನಾನು ತಗ್ಗಿಸಿದೆ. ತಟ್ಟೆ ನಿನ್ನ ಮೊಣಕೈ ಮಟ್ಟಕ್ಕೆ ಇಟ್ಟದ್ದು, ಬಗ್ಗಿದರೆ ನಿನಗೆ ಸೊಂಟ ಹಿಡಿಯುತ್ತದಲ್ಲ." ಮತ್ತೂ ಹುಡುಕಿದರು. "ಇಷ್ಟೇ" ಎಂದರು.

ನಾನು ಹೇಳಿದ್ದೆಲ್ಲ ಮೇಡಂ ಕೇಳಿಸಿಕೊಂಡರು. ಪೆನ್ನು ಕೆಳಗಿಟ್ಟರು. "ಅಳತೆ ಬದಲಿಸಿದರೆ, ಕೈ ಬದಲಿಸಿದರೆ ಪೇಟೆಂಟ್ ಸಿಗುವುದಿಲ್ಲ. ನಿನಗೂ ಗೊತ್ತುಂಟು" ಎಂದರು. ಪ್ರಿಂಟನ್ನು ಮಡಚಿ ನನ್ನ ಕೈಗೆ ಕೊಟ್ಟು, "ಇದು ನಿನ್ನೊಬ್ಬಳಿಗೆ ಅಂತಲೇ ಮಾಡಿದ ಯಂತ್ರ. ಲೋಕಕ್ಕೆ ಅಲ್ಲ" ಎಂದರು. ಅವರ ಕಣ್ಣಲ್ಲೂ ನೀರಿತ್ತು.

ಇವರಿಗೆ ಹೇಳಿದಾಗ "ಖಲಾಸ್" ಎಂದರು, ಅಷ್ಟೆ. ಗೋಡೆಯ ಕಡೆ ತಿರುಗಿ ಮಲಗಿದರು. ಶಾಲು ಹೊದಿಸಿದವರು ಫೋನ್ ಮಾಡಿ "ಪೇಟೆಂಟ್ ಬಂತಾ?" ಎಂದು ಕೇಳಿದಾಗಲೆಲ್ಲ, ಇವರೇ ಫೋನ್ ತಗೊಂಡು "ಇಲ್ಲ ಮಾರಾಯ್ರೆ, ಅದು ಮೊದಲೇ ಇತ್ತಂತೆ" ಎನ್ನುತ್ತಿದ್ದರು. ನನ್ನ ಕೈಗೆ ಕೊಡುತ್ತಿರಲಿಲ್ಲ.

ಇವರಿಗೆ ಗಂಜಿನೀರೂ ಕಷ್ಟವಾಗಿದ್ದ ಒಂದು ಭಾನುವಾರ ಬೆಳಿಗ್ಗೆ, "ಸೇಮಿಗೆ ಒತ್ತು. ನಾನು ನೋಡಬೇಕು" ಎಂದರು. "ಯಾರು ತಿನ್ನುವುದು?" ಎಂದು ಕೇಳಿದೆ. "ನೀನು" ಎಂದರು. ದಿಂಬು ಇಟ್ಟು ಕುರ್ಚಿಯಲ್ಲಿ ಕೂರಿಸಿದೆ. ಉಂಡೆ ಹಾಕಿದೆ, ತುಳಿದೆ. ಒಂದೂ ಎಳೆ ತುಂಡಾಗದೆ ಇಳಿಯಿತು. ತಟ್ಟೆ ತುಂಬುತ್ತಾ ಬಂದಾಗ ಇವರ ಎರಡು ಕೈ ತಟ್ಟೆ ಹಿಡಿಯಲು ತಾವಾಗಿ ಮುಂದೆ ಬಂದವು. ಬಂದು, ಅರ್ಧದಲ್ಲಿ ನಿಂತವು. ಇವರು ಕೈಗಳನ್ನು ನೋಡಿಕೊಂಡು, ಮೆಲ್ಲಗೆ ಹಿಂದೆ ತೆಗೆದು ಹೊದಿಕೆಯ ಒಳಗೆ ಇಟ್ಟುಕೊಂಡರು. "ನೀನೇ ತೆಗಿ. ನಿನ್ನಿಂದ ಆಗುತ್ತದೆ" ಎಂದರು.

ನಾನು ತೆಗೆದೆ. ತಟ್ಟೆ ಇಟ್ಟು ಅಲ್ಲೇ ಕೂತು ದೊಡ್ಡ ಸ್ವರದಲ್ಲಿ ಅತ್ತೆ. "ಅಳುವುದು ಯಾಕೆ? ಮೆಷಿನ್ ಸರಿ ಉಂಟಲ್ಲ" ಎಂದು ಇವರು ಕೇಳಿದರು.

ಇವರು ಹೋದ ಮೇಲೆ ಮಗಳ ಬಲವಂತಕ್ಕೆ ನಾಲ್ಕಾರು ಸಲ ಒತ್ತಿದ್ದೇನೆ. ಒಂದು ದಿನವೂ ಕೈಕೊಟ್ಟಿಲ್ಲ, ಒಂದು ಕಿರ್ ಎಂಬ ಶಬ್ದವೂ ಇಲ್ಲ. ಅಷ್ಟು ಚಂದ ಮಾಡಿದ್ದಾರೆ ಪುಣ್ಯಾತ್ಮ. ಕೊಕ್ಕೆ ಮುರಿಯಲಿ ಅಂತ, ಪೆಡಲು ಸಿಕ್ಕಿಹಾಕಿಕೊಳ್ಳಲಿ ಅಂತ ಎಷ್ಟು ಸಲ ಬೇಕೆಂದೇ ಜೋರಾಗಿ ತುಳಿದಿದ್ದೇನೆ. ಕೆಟ್ಟರೆ, "ಎಂಥ ಮಾಡಿದೆ ಮಾರಾಯ್ತಿ" ಎಂದು ಬೈಯುತ್ತಾ ಎದ್ದು ಬಂದಾರು ಎಂಬ ಮರುಳು ನನಗೆ. ಅದು ಕೆಡುವುದಿಲ್ಲ.